ಕೆಲಸ ಮಾಡುತ್ತಾ ಡಿಗ್ರಿ ಓದುವವರಿಗೆ ಫೀಸಿನ ದುಡ್ಡು ಎಲ್ಲಿಂದ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿದ ಮೇಲೆ ಮನೆ ಪರಿಸ್ಥಿತಿಗೆ ಕೆಲಸಕ್ಕೆ ಸೇರಿದವರು, ಡಿಗ್ರಿ ಅರ್ಧಕ್ಕೆ ಬಿಟ್ಟವರು, ಡಿಗ್ರಿ ಇಲ್ಲ ಅಂತ ಪ್ರಮೋಷನ್ ತಪ್ಪಿಸಿಕೊಂಡವರು ಕೇಳುವ ಪ್ರಶ್ನೆಗಳು ಇವು. ಕರ್ನಾಟಕದಲ್ಲಿ ಇದ್ದು, ಹಗಲು ದುಡಿದು, ಸಂಜೆ ಅಥವಾ ಭಾನುವಾರ ಓದುವ 18ರಿಂದ 30 ವರ್ಷದೊಳಗಿನವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಉತ್ತರ ಬರೆದಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಂಥವರಿಗೆ ಸಾಲ ಕೊನೆಯ ದಾರಿ. ಸ್ಕಾಲರ್‌ಶಿಪ್ ಸಿಕ್ಕರೆ ಒಳ್ಳೆಯದು, ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ನಿಜವಾಗಿ ಕೆಲಸಕ್ಕೆ ಬರುವುದು ಕಡಿಮೆ ಫೀಸಿನ ಸರಿಯಾದ ಕೋರ್ಸ್ ಮತ್ತು ತಿಂಗಳ ಸಂಬಳದಲ್ಲಿ ಅದಕ್ಕೊಂದು ಪಾಲು.

ಪಾರ್ಟ್‌ಟೈಮ್ ಡಿಗ್ರಿ ಅಂದರೆ ಯಾವುದೆಲ್ಲ? ದುಡ್ಡಿಗೂ ಅದಕ್ಕೂ ಏನು ಸಂಬಂಧ?

ಜಾಸ್ತಿ ಸಂಬಂಧ ಇದೆ. ಸಂಜೆ ಕಾಲೇಜು ಒಂದು ದಾರಿ. ಅಲ್ಲಿ ತರಗತಿ ಸಂಜೆ ನಡೆಯುತ್ತದೆ, ಪರೀಕ್ಷೆ ಮತ್ತು ಡಿಗ್ರಿ ಮಾಮೂಲಿ ವಿಶ್ವವಿದ್ಯಾಲಯದ್ದು. ಎರಡನೆಯದು ದೂರಶಿಕ್ಷಣ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಕರಾಮುವಿ, ಮತ್ತು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಈ ಗುಂಪಿಗೆ ಸೇರುತ್ತವೆ. ಮೂರನೆಯದು ವಿಶ್ವವಿದ್ಯಾಲಯಗಳೇ ನಡೆಸುವ ಪೂರ್ತಿ ಆನ್‌ಲೈನ್ ಡಿಗ್ರಿ. ಎಂಜಿನಿಯರಿಂಗ್ ಓದಬೇಕು ಅನ್ನುವ ಡಿಪ್ಲೊಮಾದವರಿಗೆ ಇನ್ನೊಂದು ದಾರಿ ಇದೆ: ಕೆಲಸದಲ್ಲಿರುವವರಿಗಾಗಿ ಎಐಸಿಟಿಇ (ತಾಂತ್ರಿಕ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ) ಅನುಮತಿ ಕೊಟ್ಟಿರುವ, ಕೆಲಸದ ಸಮಯಕ್ಕೆ ಹೊಂದಿಸಿ ತರಗತಿ ನಡೆಸುವ ಬಿಇ ಕೋರ್ಸುಗಳು.

ಸ್ಕಾಲರ್‌ಶಿಪ್ ನಿಯಮಗಳಲ್ಲಿ, ಬ್ಯಾಂಕಿನ ಫಾರ್ಮಿನಲ್ಲಿ ಎಲ್ಲ ಕಡೆ 'ರೆಗ್ಯುಲರ್' ಅನ್ನುವ ಪದ ಬರುತ್ತದೆ. ನಿಮ್ಮ ಕೋರ್ಸ್ ದಾಖಲೆಯಲ್ಲಿ ರೆಗ್ಯುಲರ್ ಅಂತ ಬರುತ್ತದಾ, ದೂರಶಿಕ್ಷಣ ಅಂತ ಬರುತ್ತದಾ ಅನ್ನುವುದರ ಮೇಲೆ ಅರ್ಧ ಬಾಗಿಲು ತೆರೆಯುತ್ತವೆ ಅಥವಾ ಮುಚ್ಚುತ್ತವೆ. ಸಂಜೆ ಕಾಲೇಜಿಗೆ ಸೇರುವವರು ಇದನ್ನು ಕಾಲೇಜಿನ ಆಫೀಸಿನಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ.

ಫೀಸು ಕಟ್ಟುವ ಮೊದಲು ಏನು ನೋಡಬೇಕು?

ಮಾನ್ಯತೆ. ಈ ವಿಷಯದಲ್ಲಿ ಜನ ಕಳೆದುಕೊಳ್ಳುವಷ್ಟು ದುಡ್ಡು ಬಡ್ಡಿಯಲ್ಲೂ ಕಳೆದುಕೊಳ್ಳುವುದಿಲ್ಲ.

ದೂರಶಿಕ್ಷಣ ಮತ್ತು ಆನ್‌ಲೈನ್ ಡಿಗ್ರಿಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2020ರ ನಿಯಮಾವಳಿ ಇದೆ. ಯುಜಿಸಿಯ ದೂರಶಿಕ್ಷಣ ಬ್ಯೂರೋ (ಡೆಬ್) ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸನ್ನು, ಯಾವ ವರ್ಷ ನಡೆಸಬಹುದು ಅಂತ ತನ್ನ ವೆಬ್‌ಸೈಟಿನಲ್ಲಿ ಪಟ್ಟಿ ಹಾಕುತ್ತದೆ. ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು, ನಿಮ್ಮ ಕೋರ್ಸ್ ಮತ್ತು ನೀವು ಸೇರುವ ವರ್ಷ ಎರಡೂ ಇರಬೇಕು. ಕರಾಮುವಿ 1996ರಲ್ಲಿ ಶುರುವಾದ ಸರ್ಕಾರಿ ವಿಶ್ವವಿದ್ಯಾಲಯ. ಅದಕ್ಕೂ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018-19ರಿಂದ ಮತ್ತೆ ಸಿಕ್ಕಿತು. ನಡುವೆ ಸೇರಿದವರು ಪಟ್ಟ ಪಾಡು ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ವರ್ಷವನ್ನೂ ನೋಡಿ ಅಂತ ಒತ್ತಿ ಹೇಳುತ್ತಿದ್ದೇನೆ.

ಈಗ ಇಂಥ ಕೋರ್ಸ್ ಸೇರಲು ಡೆಬ್-ಐಡಿ ಅನ್ನುವ ನಂಬರ್ ಬೇಕು. ಅದನ್ನು ವಿದ್ಯಾರ್ಥಿಯೇ ಯುಜಿಸಿ ಪೋರ್ಟಲ್‌ನಲ್ಲಿ ಮಾಡಿಕೊಳ್ಳಬೇಕು. 'ಅದೆಲ್ಲ ಬೇಡ ಬಿಡಿ, ನಾವು ನೋಡಿಕೊಳ್ಳುತ್ತೇವೆ' ಅಂತ ಯಾರಾದರೂ ಸೆಂಟರ್‌ನವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು ಇಂಥ ಡಿಗ್ರಿಗಳನ್ನು ದೂರಶಿಕ್ಷಣದಲ್ಲಿ ಕೊಡುವ ಹಾಗೇ ಇಲ್ಲ. ಕೊಡುತ್ತೇವೆ ಅಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣದ ಡಿಗ್ರಿ ಮಾಮೂಲಿ ಡಿಗ್ರಿಗೆ ಸಮ ಅಂತ 2022ರಲ್ಲಿ ಯುಜಿಸಿ ಮತ್ತೊಮ್ಮೆ ಸ್ಪಷ್ಟ ಮಾಡಿದೆ. 'ಕರೆಸ್ಪಾಂಡೆನ್ಸ್ ಡಿಗ್ರಿಗೆ ಬೆಲೆ ಇಲ್ಲ' ಅನ್ನುವ ಮಾತಿಗೆ ಹೆದರಿ ದುಬಾರಿ ಕೋರ್ಸ್ ಕಡೆ ಓಡಬೇಕಿಲ್ಲ.

ಒಟ್ಟು ಖರ್ಚು ಎಷ್ಟು ಅಂತ ಲೆಕ್ಕ ಹಾಕುವುದು ಹೇಗೆ?

ಪ್ರಾಸ್ಪೆಕ್ಟಸ್‌ನಲ್ಲಿ ದೊಡ್ಡದಾಗಿ ಬರೆದಿರುವುದು ಕೋರ್ಸ್ ಫೀಸು ಮಾತ್ರ. ಅದರ ಜೊತೆಗೆ ನೋಂದಣಿ, ಪರೀಕ್ಷಾ ಶುಲ್ಕ, ಫೇಲಾದ ಪೇಪರಿಗೆ ಮತ್ತೆ ಶುಲ್ಕ, ಅಂಕಪಟ್ಟಿ, ಘಟಿಕೋತ್ಸವದ ಸರ್ಟಿಫಿಕೇಟ್, ಬಸ್ ಚಾರ್ಜ್ ಎಲ್ಲ ಸೇರುತ್ತವೆ. ಇಗ್ನೋದಲ್ಲಿ ಒಂದೊಂದು ಪೇಪರಿಗೂ ಪರೀಕ್ಷಾ ಶುಲ್ಕ ಬೇರೆ.

ಜನ ಮರೆಯುವುದು ರಜೆಯ ಲೆಕ್ಕ. ಅಂಗಡಿ, ಗಾರ್ಮೆಂಟ್ಸ್, ಡೆಲಿವರಿ ಕೆಲಸದಲ್ಲಿ ಇರುವವರಿಗೆ ಪರೀಕ್ಷೆಯ ದಿನ ಅಂದರೆ ಸಂಬಳ ಇಲ್ಲದ ದಿನ. ಸೆಮಿಸ್ಟರಿಗೆ 6 ಪೇಪರ್ ಅಂದರೆ ವರ್ಷಕ್ಕೆ 12 ದಿನ. ದಿನಕ್ಕೆ 700 ರೂಪಾಯಿ ದುಡಿಯುತ್ತೀರಿ ಅಂತ ಇಟ್ಟುಕೊಳ್ಳಿ, 8,400 ರೂಪಾಯಿ ಹೋಯಿತು. ಎಷ್ಟೋ ಸಲ ವರ್ಷದ ಫೀಸಿಗೆ ಹತ್ತಿರದ ಮೊತ್ತ ಇದು. ಪರೀಕ್ಷೆಗೆ ಅಂತಲೇ ವರ್ಷದ ರಜೆಗಳನ್ನು ಉಳಿಸಿಕೊಂಡರೆ ಅದೇ ಒಂದು ಸಣ್ಣ ಸ್ಕಾಲರ್‌ಶಿಪ್ ಸಿಕ್ಕ ಹಾಗೆ.

ಬಸ್ ಖರ್ಚಿನಲ್ಲಿ ಸ್ವಲ್ಪ ಉಳಿಸಬಹುದು. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್‌ಗಳಲ್ಲಿ ಪ್ರಯಾಣ ಉಚಿತ. ಹುಡುಗರು ಸಂಜೆ ಕಾಲೇಜಿನವರಾದರೆ ವಿದ್ಯಾರ್ಥಿ ಪಾಸಿನ ಬಗ್ಗೆ ಡಿಪೊದಲ್ಲಿ ವಿಚಾರಿಸಿ.

ಸಂಬಳ ಕಡಿಮೆ. ಅದರಿಂದಲೇ ಫೀಸು ಕಟ್ಟಲು ಆಗುತ್ತದಾ?

ಮುಕ್ತ ವಿಶ್ವವಿದ್ಯಾಲಯದ ಬಿಎ, ಬಿಕಾಂ ಆದರೆ ಬಹಳ ಜನರಿಗೆ ಆಗುತ್ತದೆ. ಅಲ್ಲಿ ಮೂರು ವರ್ಷದ ಫೀಸನ್ನು ಒಂದೇ ಸಲ ಕೇಳುವುದಿಲ್ಲ, ವರ್ಷಕ್ಕೆ ಅಥವಾ ಸೆಮಿಸ್ಟರಿಗೆ ಇಷ್ಟು ಅಂತ ಕಟ್ಟಿಸಿಕೊಳ್ಳುತ್ತಾರೆ. ಬಡ್ಡಿ ಇಲ್ಲದ ಕಂತು ಅದು.

ಎಲ್ಲ ಸೇರಿ ವರ್ಷಕ್ಕೆ 12,000 ರೂಪಾಯಿ ಬೇಕು ಅಂದರೆ ತಿಂಗಳಿಗೆ 1,000. ಸಂಬಳ ಬಿದ್ದ ಮಾರನೇ ದಿನವೇ ಕಟ್ ಆಗುವ ಹಾಗೆ ಬ್ಯಾಂಕಿನಲ್ಲಿ 12 ತಿಂಗಳ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿಸಿ. ಮುಂದಿನ ವರ್ಷದ ಫೀಸು ಕಟ್ಟುವ ತಿಂಗಳಿಗೆ ಅದು ಕೈಗೆ ಬರುವಂತೆ ದಿನಾಂಕ ನೋಡಿಕೊಂಡು ಶುರು ಮಾಡಿ. ತಿಂಗಳ ಕೊನೆಗೆ ಉಳಿದದ್ದನ್ನು ಎತ್ತಿಡುತ್ತೇನೆ ಅಂದರೆ ಆಗುವುದಿಲ್ಲ, ಉಳಿಯುವುದೇ ಇಲ್ಲ ಅಲ್ವಾ?

ಮೊದಲ ವರ್ಷದ ಫೀಸಿಗೆ ಇನ್ನೂ ದುಡ್ಡು ಕೂಡಿಲ್ಲ ಅಂದರೆ ಸಾಲ ಮಾಡುವ ಬದಲು ಒಂದು ಸರದಿ ಕಾಯಿರಿ. ಇಗ್ನೋದಲ್ಲಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಸರದಿಗೆ ಪ್ರವೇಶ ನಡೆಯುತ್ತದೆ. ಆರು ತಿಂಗಳು ತಡವಾದರೆ ಆಕಾಶ ಬೀಳುವುದಿಲ್ಲ. ಹಾಗೆಯೇ ಇಗ್ನೋದ ಮೂರು ವರ್ಷದ ಬಿಎ ಮುಗಿಸಲು ಆರು ವರ್ಷದವರೆಗೆ ಅವಕಾಶ ಇದೆ. ಮನೆಯಲ್ಲಿ ಮದುವೆಯೋ ಆಸ್ಪತ್ರೆ ಖರ್ಚೋ ಬಂದ ವರ್ಷ ನಿಧಾನ ಮಾಡಿ, ಆಮೇಲೆ ಮುಂದುವರಿಸಬಹುದು. ಈ ಸಡಿಲಿಕೆ ಕೂಡ ದುಡ್ಡೇ. ತಿಂಗಳ ಕಂತಿಗೆ ಸಾಲ ಮಾಡಿದವರಿಗೆ ಇದು ಇರುವುದಿಲ್ಲ.

ಫೀಸಿನಲ್ಲೇ ರಿಯಾಯಿತಿ ಸಿಗುತ್ತದಾ?

ಸಿಗುತ್ತದೆ, ಕೇಳುವವರು ಕಡಿಮೆ. ಇಗ್ನೋದಲ್ಲಿ ಅಚ್ಚು ಹಾಕಿದ ಪುಸ್ತಕ ಬೇಡ, ಡಿಜಿಟಲ್ ಸಾಕು ಅಂದರೆ ಕೋರ್ಸ್ ಫೀಸಿನಲ್ಲಿ ಶೇ. 15 ಕಡಿಮೆ. ಮೊಬೈಲಿನಲ್ಲಿ ಓದುವ ಅಭ್ಯಾಸ ಇದ್ದವರಿಗೆ ಇದು ಲಾಭ. ಪುಸ್ತಕ ಹಿಡಿದು ಗೆರೆ ಎಳೆದು ಓದುವವರು ಆಮೇಲೆ ಪ್ರಿಂಟ್ ತೆಗೆಸಿದರೆ ಉಳಿಸಿದ್ದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಇಗ್ನೋ ಪಟ್ಟಿ ಮಾಡಿರುವ ಕೆಲವು ಕೋರ್ಸುಗಳಲ್ಲಿ ಫೀಸು ವಿನಾಯಿತಿ ಇದೆ. ಒಂದು ಸರದಿಯಲ್ಲಿ ಒಂದೇ ಕೋರ್ಸಿಗೆ ಅದು ಸಿಗುತ್ತದೆ, ಅರ್ಜಿ ತುಂಬುವಾಗಲೇ ಆಯ್ಕೆ ಮಾಡಿಕೊಳ್ಳಬೇಕು. ಲಿಂಗತ್ವ ಅಲ್ಪಸಂಖ್ಯಾತರಿಗೂ ಇಗ್ನೋ ಫೀಸು ಬಿಡುತ್ತದೆ.

ಕರಾಮುವಿ ತನ್ನ ಪ್ರವೇಶ ಪ್ರಕಟಣೆಯಲ್ಲಿ ಬಿಪಿಎಲ್ ಕಾರ್ಡಿನ ಮಹಿಳೆಯರು, ಮಾಜಿ ಸೈನಿಕರು, ಆಟೋ ಮತ್ತು ಕ್ಯಾಬ್ ಚಾಲಕರ ಕುಟುಂಬದವರು ಹೀಗೆ ಬೇರೆ ಬೇರೆ ಗುಂಪುಗಳಿಗೆ ರಿಯಾಯಿತಿ ಕೊಟ್ಟಿದೆ. ಪ್ರಮಾಣ ಪ್ರತಿ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ. ಅಪ್ಪ ಆಟೋ ಓಡಿಸುತ್ತಾರೆ ಅಂದರೆ ಅವರ ಲೈಸೆನ್ಸ್ ಪ್ರತಿ ಇಟ್ಟುಕೊಂಡೇ ಪ್ರಾದೇಶಿಕ ಕೇಂದ್ರಕ್ಕೆ ಹೋಗಿ.

ಸ್ಕಾಲರ್‌ಶಿಪ್ ನಮ್ಮಂಥವರಿಗೂ ಬರುತ್ತದಾ?

ಕೆಲವು ಬರುತ್ತವೆ, ಬಹಳಷ್ಟು ಬರುವುದಿಲ್ಲ. ಯಾವುದು ಬರುವುದಿಲ್ಲ ಅಂತ ಮೊದಲು ತಿಳಿದರೆ ಸೈಬರ್ ಸೆಂಟರಿನಲ್ಲಿ ಕೂರುವ ಸಮಯ ಉಳಿಯುತ್ತದೆ.

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರಿಗೆ ಕೇಂದ್ರ ಸರ್ಕಾರ ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ಕೊಡುವ ಯೋಜನೆ ಇದೆ. ಕುಟುಂಬದ ಆದಾಯ 4.5 ಲಕ್ಷ ಮೀರಿರಬಾರದು. ಆದರೆ ಅದು ರೆಗ್ಯುಲರ್ ಕೋರ್ಸಿಗೆ ಮಾತ್ರ, ದೂರಶಿಕ್ಷಣದವರಿಗೆ ಇಲ್ಲ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಅಲ್ಲೂ ಮೊದಲ ವರ್ಷಕ್ಕೆ ರೆಗ್ಯುಲರ್ ಆಗಿ ಸೇರಿರಬೇಕು. ಈ ಎರಡರಲ್ಲಿ ಒಂದಕ್ಕೆ ನೀವು ಅರ್ಹರಾಗಿದ್ದರೆ, ಕೆಲಸ ಬಿಟ್ಟು ಹಗಲು ಕಾಲೇಜಿಗೆ ಹೋಗಲು ಆಗುತ್ತದಾ ಅಂತ ಒಮ್ಮೆ ಮನೆಯಲ್ಲಿ ಕೂತು ಮಾತಾಡಿ. ಪಾರ್ಟ್‌ಟೈಮ್ ಓದೇ ಹಣೆಬರಹ ಅಂತ ಮೊದಲೇ ತೀರ್ಮಾನ ಮಾಡಬೇಡಿ.

ಬರುವ ಸಾಧ್ಯತೆ ಇರುವುದು ಪರಿಶಿಷ್ಟ ಜಾತಿ, ಪಂಗಡದವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಕುಟುಂಬದ ಆದಾಯದ ಮಿತಿ 2.5 ಲಕ್ಷ. ಕೇಂದ್ರದ ಮಾರ್ಗಸೂಚಿ ಅಂಚೆ ಶಿಕ್ಷಣದ ವಿದ್ಯಾರ್ಥಿಗಳನ್ನೂ, ಕೆಲಸದಲ್ಲಿರುವ ವಿದ್ಯಾರ್ಥಿಗಳನ್ನೂ ಹೆಸರಿಸಿಯೇ ಸೇರಿಸಿಕೊಂಡಿತ್ತು. ಕೆಲಸದಲ್ಲಿರುವವರಿಗೆ ತಿಂಗಳ ಭತ್ಯೆ ಇಲ್ಲ, ಕಡ್ಡಾಯ ಶುಲ್ಕ ಮಾತ್ರ ವಾಪಸ್. ನಿಮ್ಮ ಸಂಬಳ ಮತ್ತು ಅಪ್ಪ ಅಮ್ಮನ ಆದಾಯ ಎರಡನ್ನೂ ಕೂಡಿಸಿ ಮಿತಿಯೊಳಗೆ ಬರಬೇಕು ಅನ್ನುವುದು ಶರತ್ತು. ಇಲ್ಲಿಯೇ ಬಹಳ ಜನ ಹೊರಗೆ ಉಳಿಯುತ್ತಾರೆ. ತಿಂಗಳಿಗೆ 15,000 ಸಂಬಳ ಅಂದರೆ ವರ್ಷಕ್ಕೆ 1.8 ಲಕ್ಷ ನಿಮ್ಮದೇ ಆಯಿತು, ಮನೆಯವರದ್ದಕ್ಕೆ ಉಳಿಯುವುದು 70,000 ಮಾತ್ರ. ಸಂಬಳ ಮುಚ್ಚಿಟ್ಟು ಅರ್ಜಿ ಹಾಕಬೇಡಿ. ಪಿಎಫ್ ಕಟ್ ಆಗುವ ಕೆಲಸವಾದರೆ ಎಲ್ಲವೂ ದಾಖಲೆಯಲ್ಲಿ ಇರುತ್ತದೆ.

ಕಾರ್ಮಿಕರ ಕಲ್ಯಾಣ ಮಂಡಳಿಗಳ ಶೈಕ್ಷಣಿಕ ಸಹಾಯಧನ ಕಾರ್ಮಿಕರ ಮಕ್ಕಳಿಗೆ. ನೀವೇ ಕಾರ್ಮಿಕರಾದರೆ ಅದು ನಿಮಗಲ್ಲ. ಆದರೆ ಅಪ್ಪ ಅಥವಾ ಅಮ್ಮ ನೋಂದಾಯಿತ ಕಟ್ಟಡ ಕಾರ್ಮಿಕರಾಗಿದ್ದರೆ ಕೇಳಿ ನೋಡಿ. ರೈತರ ಮಕ್ಕಳಿಗೆ ಇರುವ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಅಂತ ಶುರುವಾಗಿತ್ತು. ಸಂಜೆ ಕಾಲೇಜಿನವರು ಇದನ್ನು ವಿಚಾರಿಸಲೇಬೇಕು.

ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾಗಿದೆ ಅಂತ ತೋರಿಸುತ್ತಿದೆ. ದುಡ್ಡು ಮಾತ್ರ ಬಂದಿಲ್ಲ. ಯಾಕೆ?

ನೀವು ಬೇರೆ ಅಕೌಂಟ್ ನೋಡುತ್ತಿರಬಹುದು. ಈ ದುಡ್ಡು ಆಧಾರ್‌ಗೆ ಜೋಡಣೆ ಆದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಒಂದು ಆಧಾರ್‌ಗೆ ಒಂದು ಸಮಯಕ್ಕೆ ಒಂದೇ ಖಾತೆ ಜೋಡಣೆಯಾಗಿರುತ್ತದೆ, ಕೊನೆಗೆ ಜೋಡಿಸಿದ್ದು ಯಾವುದೋ ಅದು.

ಕೆಲಸಕ್ಕೆ ಸೇರಿದವರಿಗೆ ಇದು ಜಾಸ್ತಿ ಕಾಡುತ್ತದೆ. ಊರಿನ ಬ್ಯಾಂಕಿನಲ್ಲಿ ಶಾಲೆಯ ಕಾಲದ ಖಾತೆ ಇರುತ್ತದೆ. ಕಂಪನಿಯವರು ಹೊಸ ಬ್ಯಾಂಕಿನಲ್ಲಿ ಸ್ಯಾಲರಿ ಅಕೌಂಟ್ ತೆರೆಸುತ್ತಾರೆ, ಹತ್ತು ಕಡೆ ಸಹಿ ಮಾಡಿಸುವಾಗ ಆಧಾರ್ ಜೋಡಣೆಯ ಒಪ್ಪಿಗೆಗೂ ಟಿಕ್ ಬಿದ್ದಿರುತ್ತದೆ. ಆಮೇಲೆ ಆ ಕೆಲಸ ಬಿಟ್ಟಿರುತ್ತೀರಿ, ಅಕೌಂಟ್ ಬಳಸದೆ ಮಲಗಿರುತ್ತದೆ. ಸ್ಕಾಲರ್‌ಶಿಪ್ ಅಲ್ಲಿಗೆ ಹೋಗಿರುತ್ತದೆ, ಅಥವಾ ಖಾತೆ ನಿಷ್ಕ್ರಿಯ ಅಂತ ವಾಪಸ್ ಆಗಿರುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿ, ಯಾವ ಬ್ಯಾಂಕ್ ಅಂತ ಅಲ್ಲೇ ಕಾಣುತ್ತದೆ. ನಿಮಗೆ ಬೇಕಾದ ಬ್ಯಾಂಕಿನ ಶಾಖೆಗೆ ಹೋಗಿ ಜೋಡಣೆ ಬದಲಿಸಿಕೊಡಿ ಅಂತ ಫಾರ್ಮ್ ಕೊಡಿ.

ಇನ್ನೊಂದು ಕಾರಣ ಹೆಸರಿನ ವ್ಯತ್ಯಾಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಹಿಂದೆ. ಅರ್ಜಿಗೆ ಮೊದಲೇ ಸರಿ ಮಾಡಿಸಿಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಇರುವ, ಆರ್‌ಡಿ ಅಂತ ಶುರುವಾಗುವ ನಂಬರ್ ಕೂಡ ಕೈಯಲ್ಲಿರಲಿ. ನಾಡಕಚೇರಿಗೆ ಕೊನೆ ದಿನ ಓಡಿದರೆ ಕೆಲಸ ಆಗುವುದಿಲ್ಲ.

ಬ್ಯಾಂಕಿನವರು ಶಿಕ್ಷಣ ಸಾಲ ಕೊಡುತ್ತಾರಾ?

ಹಗಲು ಕಾಲೇಜಿಗೆ ಹೋಗುವವರಿಗೆ ಕೊಡುವಷ್ಟು ಸುಲಭವಾಗಿ ಕೊಡುವುದಿಲ್ಲ. ಬಹುತೇಕ ಬ್ಯಾಂಕುಗಳ ಶಿಕ್ಷಣ ಸಾಲ ಪೂರ್ಣಾವಧಿ ಕೋರ್ಸುಗಳಿಗೆ ಅಂತಲೇ ಇರುವುದು. ಓದುವಾಗ ಆದಾಯ ಇಲ್ಲ, ಓದು ಮುಗಿದ ಮೇಲೆ ಕೆಲಸ ಸಿಗುತ್ತದೆ, ಆಮೇಲೆ ತೀರಿಸಲಿ ಅನ್ನುವ ಲೆಕ್ಕದಲ್ಲಿ ಅದನ್ನು ಕಟ್ಟಿದ್ದಾರೆ. ಆದ್ದರಿಂದ ಮರುಪಾವತಿ ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ನಂತರ. ಈಗಾಗಲೇ ಸಂಬಳ ತರುವ ನಿಮ್ಮನ್ನು ನೋಡಿದಾಗ ಮ್ಯಾನೇಜರ್ 'ಪರ್ಸನಲ್ ಲೋನ್ ತಗೊಳ್ಳಿ' ಅನ್ನುತ್ತಾರೆ.

ಆದರೂ ಸಂಜೆಯ ಎಂಬಿಎ, ಕೆಲಸದಲ್ಲಿರುವವರ ಬಿಇ ಇಂಥ ದೊಡ್ಡ ಫೀಸಿನ ಕೋರ್ಸಿಗೆ ಕೆಲವು ಬ್ಯಾಂಕುಗಳು ಸಾಲ ಕೊಡುತ್ತವೆ. ನಿಮ್ಮ ಸ್ಯಾಲರಿ ಅಕೌಂಟ್ ಇರುವ ಬ್ಯಾಂಕಿನಲ್ಲೇ ಮೊದಲು ಕೇಳಿ. ಹೋಗುವಾಗ ಪ್ರವೇಶ ಪತ್ರ, ವರ್ಷವಾರು ಫೀಸಿನ ಪಟ್ಟಿ, ಯುಜಿಸಿ ಅಥವಾ ಎಐಸಿಟಿಇ ಅನುಮತಿಯ ಪ್ರತಿ, ಆರು ತಿಂಗಳ ಸಂಬಳದ ಚೀಟಿ ತೆಗೆದುಕೊಂಡು ಹೋಗಿ. ಶಿಕ್ಷಣ ಸಾಲಕ್ಕೆ ಅಂತ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿಯೂ ಅರ್ಜಿ ಹಾಕಬಹುದು.

ಬ್ಯಾಂಕುಗಳ ಸಂಘ (ಐಬಿಎ) ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವ ಹಾಗಿಲ್ಲ. ಅಪ್ಪ ಅಥವಾ ಅಮ್ಮ ಜೊತೆ ಸಾಲಗಾರರಾಗಿ ಸಹಿ ಹಾಕಬೇಕಾಗುತ್ತದೆ. 7.5 ಲಕ್ಷದವರೆಗೆ ಸರ್ಕಾರದ ಸಾಲ ಖಾತರಿ ನಿಧಿ ಇದೆ, ಅಂದರೆ ಸಾಲ ತೀರದಿದ್ದರೆ ಬ್ಯಾಂಕಿನ ನಷ್ಟದಲ್ಲಿ ಪಾಲು ಹೊರುವ ನಿಧಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. 8 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3 ಸಹಾಯ ಕೂಡ ಇದೆ. ಅದು ಸುಮಾರು 860 ಆಯ್ದ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ. ಕೆಲಸ ಮಾಡುತ್ತಾ ಓದುವವರಲ್ಲಿ ಅದಕ್ಕೆ ಹೊಂದುವವರು ಕಡಿಮೆ. ಪೇಪರಿನಲ್ಲಿ ಓದಿ ಆಸೆ ಇಟ್ಟುಕೊಂಡವರು ಬಹಳ ಇರುವುದರಿಂದ ಇಷ್ಟು ಬರೆದೆ.

ಸಾಲ ಸಿಕ್ಕಿದೆ. ಓದುವಾಗಲೇ ಬಡ್ಡಿ ಕಟ್ಟಬೇಕಾ, ಆಮೇಲೆ ಕಟ್ಟಬಹುದಾ?

ಆಮೇಲೆ ಕಟ್ಟಬಹುದು, ಆದರೆ ಸಂಬಳ ಬರುತ್ತಿದ್ದರೆ ಈಗಲೇ ಕಟ್ಟಿ. 2 ಲಕ್ಷ ಸಾಲ, ಶೇ. 10 ಬಡ್ಡಿ ಅಂದರೆ ವರ್ಷಕ್ಕೆ 20,000. ಮೂರು ವರ್ಷದ ಕೋರ್ಸ್, ಮೇಲೆ ಒಂದು ವರ್ಷ ಬಿಡುವು. ಸುಮ್ನೆ ಇದ್ದರೆ 80,000 ರೂಪಾಯಿ ಬಡ್ಡಿ ಕೂಡಿ, ಕಂತು ಶುರುವಾಗುವುದೇ 2.8 ಲಕ್ಷದ ಮೇಲೆ. ತಿಂಗಳಿಗೆ 1,667 ರೂಪಾಯಿಯಂತೆ ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ ಕೊನೆಗೆ ಉಳಿಯುವುದು 2 ಲಕ್ಷವೇ. ಓದುವ ಅವಧಿಯಲ್ಲಿ ಬಡ್ಡಿ ಕಟ್ಟುವವರಿಗೆ ದರದಲ್ಲಿ ಶೇ. 1ರವರೆಗೆ ಕಡಿಮೆ ಮಾಡುವ ಅವಕಾಶ ಮಾದರಿ ಯೋಜನೆಯಲ್ಲಿದೆ. ಬ್ಯಾಂಕಿನವರು ತಾವಾಗಿಯೇ ಹೇಳುವುದು ಕಡಿಮೆ, ನೀವೇ ಕೇಳಿ. ಕೆಲವು ಬ್ಯಾಂಕುಗಳು ಹುಡುಗಿಯರಿಗೆ ಶೇ. 0.5 ಕಡಿಮೆ ಮಾಡುತ್ತವೆ.

'ನೋ ಕಾಸ್ಟ್ ಇಎಂಐ'ಯಲ್ಲಿ ಆನ್‌ಲೈನ್ ಡಿಗ್ರಿ ಅಂತ ಫೋನ್ ಬರುತ್ತಿದೆ. ಸೇರಬಹುದಾ?

ನಿಧಾನಿಸಿ. ಫೋನ್ ಮಾಡುತ್ತಿರುವವರು ಬಹುತೇಕ ವಿಶ್ವವಿದ್ಯಾಲಯದವರಲ್ಲ, ಸೀಟು ಮಾರಿದರೆ ಕಮಿಷನ್ ಸಿಗುವವರು. ಅವರು 'ಕಂತು' ಅನ್ನುವುದು ವಾಸ್ತವದಲ್ಲಿ ನಿಮ್ಮ ಹೆಸರಿನಲ್ಲಿ ಯಾವುದೋ ಫೈನಾನ್ಸ್ ಕಂಪನಿ ಕೊಡುವ ಸಾಲ. ಪೂರ್ತಿ ಫೀಸು ಮೊದಲ ದಿನವೇ ಕೋರ್ಸ್ ಮಾರಿದವರ ಕೈ ಸೇರುತ್ತದೆ. ಮೂರು ತಿಂಗಳಿಗೆ ನಿಮಗೆ ಕೋರ್ಸ್ ಬೇಡ ಅನ್ನಿಸಿದರೂ ಸಾಲ ನಿಲ್ಲುವುದಿಲ್ಲ. ಎರಡು ಕಂತು ತಪ್ಪಿದರೆ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ತೋರಿಸುವ ಅಂಕ) ಬೀಳುತ್ತದೆ, ನಾಳೆ ಬೈಕಿಗೆ ಸಾಲ ಕೇಳಿದಾಗ ಅದು ಎದುರಿಗೆ ಬರುತ್ತದೆ.

ಶೂನ್ಯ ಬಡ್ಡಿ ಅನ್ನುವುದು ಇಲ್ಲವೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಬಡ್ಡಿ ಫೀಸಿನ ಒಳಗೆ ಅಥವಾ ಪ್ರೊಸೆಸಿಂಗ್ ಶುಲ್ಕದ ಒಳಗೆ ಅಡಗಿರುತ್ತದೆ. 'ಒಂದೇ ಸಲ ಕಟ್ಟಿದರೆ ಎಷ್ಟು ಕಡಿಮೆ ಮಾಡುತ್ತೀರಿ?' ಅಂತ ಕೇಳಿ ನೋಡಿ. ಅವರು ಕಡಿಮೆ ಮಾಡುವ ಮೊತ್ತವೇ ಬಡ್ಡಿ.

ಫ್ಲ್ಯಾಟ್ ದರದ ಬಗ್ಗೆಯೂ ಹುಷಾರು. 1 ಲಕ್ಷ ಸಾಲ, ಎರಡು ವರ್ಷ, ಶೇ. 12 ಫ್ಲ್ಯಾಟ್ ಅಂದರೆ ಬಡ್ಡಿ 24,000, ತಿಂಗಳ ಕಂತು ಸುಮಾರು 5,167. ಶೇ. 12 ತಾನೇ ಅನ್ನಿಸುತ್ತದೆ. ಆದರೆ ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಹಾಕುವುದು ಪೂರ್ತಿ 1 ಲಕ್ಷದ ಮೇಲೆ. ಬ್ಯಾಂಕಿನವರ ರೀತಿ, ಉಳಿದ ಅಸಲಿಗೆ ಮಾತ್ರ ಬಡ್ಡಿ ಅಂತ ಲೆಕ್ಕ ಹಾಕಿದರೆ ಅದೇ ಕಂತು ಶೇ. 21.5ಕ್ಕೆ ಸಮ.

ಈಗ ಸಾಲ ಕೊಡುವವರು ಮೊದಲೇ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತದೆ, ಎಲ್ಲ ಶುಲ್ಕ ಸೇರಿಸಿದ ನಿಜವಾದ ವಾರ್ಷಿಕ ದರ ಅದು. ಉಳಿದದ್ದು ಓದದಿದ್ದರೂ ಅದೊಂದನ್ನು ಓದಿ. ಆ ಹಾಳೆ ಬರುವವರೆಗೆ ಒಟಿಪಿ ಹೇಳಬೇಡಿ. ಎಷ್ಟೋ ಸಾಲಗಳಿಗೆ ನಿಮ್ಮ ಸಹಿ ಅಂದರೆ ಆ ಒಟಿಪಿಯೇ.

ಚಿನ್ನ ಅಡ ಇಡಬಹುದಾ? ಚೀಟಿ, ಸಂಘದ ಸಾಲ?

ಇವೆಲ್ಲ ಮನೆಮನೆಯಲ್ಲಿ ನಡೆಯುವುದೇ. ಫೀಸು ಕಟ್ಟುವ ಕೊನೆ ದಿನಕ್ಕೆ 10,000 ಕಡಿಮೆ ಬಿತ್ತು ಅಂದರೆ ಬ್ಯಾಂಕಿನಲ್ಲಿ ಚಿನ್ನ ಅಡ ಇಡುವುದು ಪರ್ಸನಲ್ ಲೋನ್‌ಗಿಂತ ಅಗ್ಗ. ಖಾಸಗಿ ಗಿರವಿ ಅಂಗಡಿಗಿಂತ ಬ್ಯಾಂಕ್ ಅಥವಾ ಸಹಕಾರಿ ಸಂಘ ಮೇಲು. ಆದರೆ ಬಿಡಿಸುವ ತಿಂಗಳು ಯಾವುದು ಅಂತ ಇಡುವಾಗಲೇ ಗೊತ್ತಿರಬೇಕು. ಬೋನಸ್ ಬರುವ ತಿಂಗಳು ಅಂತಲೋ, ಚೀಟಿ ಬರುವ ತಿಂಗಳು ಅಂತಲೋ. ವರ್ಷ ವರ್ಷ ಬಡ್ಡಿ ಕಟ್ಟಿ ಹೊಸದು ಮಾಡಿಸುತ್ತಾ ಹೋದರೆ ಅಮ್ಮನ ಸರ ಅಲ್ಲೇ ಉಳಿಯುತ್ತದೆ.

ಚೀಟಿಯನ್ನು ಸಾಲದ ಬದಲು ಉಳಿತಾಯಕ್ಕೆ ಬಳಸಿದರೆ ಸರಿ. 1982ರ ಚೀಟಿ ನಿಧಿ ಕಾಯ್ದೆಯಡಿ ನೋಂದಣಿ ಆದದ್ದಕ್ಕೆ ಮಾತ್ರ ಸೇರಿ. ಪಕ್ಕದ ಬೀದಿಯವರು ನಡೆಸುವ ಚೀಟಿಗೆ ಡಿಗ್ರಿಯ ದುಡ್ಡನ್ನು ಹಾಕುವುದು ನನಗೆ ಒಪ್ಪಿಗೆ ಇಲ್ಲ. ಅಮ್ಮನ ಹೆಸರಿನ ಸ್ವಸಹಾಯ ಸಂಘದಿಂದ ತೆಗೆದರೆ ವಾರದ ಕಂತು ನಿಮ್ಮ ಸಂಬಳದಿಂದಲೇ ಹೋಗಲಿ. ಓದುವವರು ಒಬ್ಬರು, ಸಂಘದ ಸಭೆಯಲ್ಲಿ ತಲೆ ತಗ್ಗಿಸುವವರು ಇನ್ನೊಬ್ಬರು ಆಗಬಾರದು.

ಕಂಪನಿಯವರೇ ಫೀಸು ಕೊಡುತ್ತಾರಾ?

ದೊಡ್ಡ ಕಂಪನಿಗಳಲ್ಲಿ ಇಂಥ ನೀತಿ ಇರುತ್ತದೆ, ಯಾರೂ ಕೇಳದೆ ಹಾಗೇ ಇರುತ್ತದೆ. ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಸಾಮಾನ್ಯವಾಗಿ ಮೊದಲು ನೀವು ಕಟ್ಟಿ, ಪಾಸಾದ ಮೇಲೆ ರಸೀದಿ ತೋರಿಸಿ ವಾಪಸ್ ಪಡೆಯಬೇಕು. ಸೇರುವ ಮೊದಲೇ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಆಮೇಲೆ ಕೊಡುವುದಿಲ್ಲ. ಇಷ್ಟು ವರ್ಷ ಕೆಲಸ ಬಿಡುವ ಹಾಗಿಲ್ಲ ಅಂತ ಬಾಂಡ್ ಬರೆಸಿಕೊಳ್ಳಬಹುದು. ಬಾಂಡ್ ಸುಮ್ನೆ ಕಾಗದ ಅಂದುಕೊಳ್ಳಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ ಇಂಥ ಷರತ್ತನ್ನು ಎತ್ತಿಹಿಡಿದಿದೆ.

ದುಡ್ಡು ಕೊಡದ ಸಣ್ಣ ಕಂಪನಿಯಲ್ಲೂ ಪರೀಕ್ಷೆ ದಿನ ಸಂಬಳ ಸಹಿತ ರಜೆ, ಶಿಫ್ಟ್ ಬದಲು, ಬಡ್ಡಿ ಇಲ್ಲದ ಮುಂಗಡ ಇವನ್ನು ಕೇಳಬಹುದು. ಓನರ್ ಹತ್ತಿರ 'ಫೀಸಿಗೆ ಮುಂಗಡ ಕೊಡಿ ಸಾರ್, ಆರು ತಿಂಗಳಲ್ಲಿ ಸಂಬಳದಲ್ಲಿ ಹಿಡಿದುಕೊಳ್ಳಿ' ಅಂತ ಕೇಳುವುದರಲ್ಲಿ ಮುಜುಗರ ಏನೂ ಇಲ್ಲ. ಸರ್ಕಾರಿ ಕೆಲಸದಲ್ಲಿ ಇರುವವರು ಕೋರ್ಸ್ ಸೇರುವ ಮೊದಲು ಇಲಾಖೆಯ ಅನುಮತಿ ಪಡೆಯಿರಿ.

ಪಿಎಫ್ ದುಡ್ಡು ತೆಗೆಯಬಹುದಾ?

ಮೊದಲಿನ ನಿಯಮದಲ್ಲಿ ಏಳು ವರ್ಷ ಸದಸ್ಯತ್ವ ಆಗಿರಬೇಕಿತ್ತು, ಅದೂ ಮಕ್ಕಳ ಓದಿಗೆ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಇದನ್ನು ಬಹಳ ಸಡಿಲ ಮಾಡುವ ತೀರ್ಮಾನ ತೆಗೆದುಕೊಂಡಿತು. 12 ತಿಂಗಳ ಸೇವೆ ಸಾಕು, ಶಿಕ್ಷಣಕ್ಕೆ ಹತ್ತು ಸಲದವರೆಗೆ ತೆಗೆಯಬಹುದು, ಶೇ. 25 ಮಾತ್ರ ಖಾತೆಯಲ್ಲಿ ಉಳಿಯಬೇಕು ಅಂತ. ಆದರೂ ವಾರ್ಷಿಕ ಫೀಸು ಸಂಬಳದಿಂದ ಆಗುವಂತಿದ್ದರೆ ಅದನ್ನು ಮುಟ್ಟಬೇಡಿ.

ತೆರಿಗೆಯಲ್ಲಿ ಏನಾದರೂ ಉಳಿಯುತ್ತದಾ?

ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಉನ್ನತ ಶಿಕ್ಷಣದ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಎಂಟು ವರ್ಷದವರೆಗೆ ಆದಾಯದಿಂದ ಕಳೆಯಬಹುದು. 80ಇ ಅಂತ ಹೆಸರಾದ ವಿನಾಯಿತಿ ಇದು. ಸಾಲ ಬ್ಯಾಂಕಿನದ್ದೋ ಸರ್ಕಾರ ಒಪ್ಪಿದ ಹಣಕಾಸು ಅಥವಾ ದತ್ತಿ ಸಂಸ್ಥೆಯದ್ದೋ ಆಗಿರಬೇಕು, ಮಾವನ ಹತ್ತಿರ ತಂದ ಕೈಸಾಲಕ್ಕೆ ಇಲ್ಲ. ಸ್ವಂತ ಓದಿಗೆ ಕಟ್ಟಿದ ಫೀಸಿಗೆ ವಿನಾಯಿತಿ ಇಲ್ಲ, 80ಸಿಯಲ್ಲಿ ಇದ್ದದ್ದು ಮಕ್ಕಳ ಪೂರ್ಣಾವಧಿ ಓದಿನ ಫೀಸಿಗೆ.

ಯುವನಿಧಿ ದುಡ್ಡಿನಲ್ಲಿ ಎಂಎ ಓದಬಹುದಾ?

ಇಲ್ಲ. ಯುವನಿಧಿ ಡಿಗ್ರಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ಮುಂದೆ ಓದುತ್ತಿರುವವರಿಗೆ, ಕೆಲಸದಲ್ಲಿ ಇರುವವರಿಗೆ ಅದು ಸಲ್ಲುವುದಿಲ್ಲ.

ಓದುತ್ತಲೇ ಸಂಬಳ ಬರುವ ಕೋರ್ಸ್ ಇದೆಯಂತೆ?

ಅಪ್ರೆಂಟಿಸ್‌ಶಿಪ್ ಸೇರಿಸಿದ ಡಿಗ್ರಿಗಳು ಇವೆ. ಕೋರ್ಸಿನ ಒಂದು ಭಾಗವನ್ನು ಕಂಪನಿಯಲ್ಲಿ ಕೆಲಸ ಮಾಡಿಯೇ ಮುಗಿಸುವುದು, ಆ ಅವಧಿಗೆ ಸ್ಟೈಪೆಂಡ್. 2019ರ ನಿಯಮದಲ್ಲಿ ಡಿಗ್ರಿ ಅಪ್ರೆಂಟಿಸ್‌ಗಳಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಇತ್ತು. ಈಗಾಗಲೇ 18,000 ದುಡಿಯುವವರಿಗೆ ಇದು ಇಳಿಕೆ. ಆದರೆ ಪಿಯುಸಿ ಈಗಷ್ಟೇ ಮುಗಿಸಿ, ಕೆಲಸವಾ ಕಾಲೇಜಾ ಅಂತ ಯೋಚಿಸುತ್ತಿರುವ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಹೇಳಿ.

ಖರ್ಚು ಉಳಿಸುವ ಇನ್ನೊಂದು ದಾರಿ ಸ್ವಯಂ. ಕೇಂದ್ರ ಸರ್ಕಾರದ ಈ ವೇದಿಕೆಯಲ್ಲಿ ಕೋರ್ಸ್ ಉಚಿತ, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ ಮಾತ್ರ ಶುಲ್ಕ. ವಿಶ್ವವಿದ್ಯಾಲಯ ಒಪ್ಪಿದರೆ ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳ ಕ್ರೆಡಿಟ್ ಅಲ್ಲಿಂದ ತರಬಹುದು.

ಸೇರಿದ ಮೇಲೆ ಬೇಡ ಅನ್ನಿಸಿದರೆ ಫೀಸು ವಾಪಸ್ ಬರುತ್ತದಾ?

ಎಷ್ಟು ಬೇಗ ಹೇಳುತ್ತೀರಿ ಅನ್ನುವುದರ ಮೇಲೆ. ಯುಜಿಸಿಯ 2018ರ ಪ್ರಕಟಣೆ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಇನ್ನೂ ಮೊದಲೇ ಬಿಟ್ಟರೆ ಪೂರ್ತಿ ಫೀಸು, ಅದಕ್ಕಿಂತ ತಡವಾಗಿ ಕೊನೆಯ ದಿನದೊಳಗೆ ಬಿಟ್ಟರೆ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, ಆಮೇಲೆ 30 ದಿನದವರೆಗೆ ಶೇ. 50. ಅದು ದಾಟಿದರೆ ಏನೂ ಇಲ್ಲ. ಪೂರ್ತಿ ವಾಪಸ್ ಬರುವಾಗಲೂ ಸ್ವಲ್ಪ ಪ್ರೊಸೆಸಿಂಗ್ ಶುಲ್ಕ ಹಿಡಿಯುತ್ತಾರೆ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಸಡಿಲವಾದ ಸುತ್ತೋಲೆಯನ್ನೂ ಹೊರಡಿಸಿದೆ, ಆ ವರ್ಷದ್ದನ್ನು ಹುಡುಕಿ ನೋಡಿ. ಮುಕ್ತ ವಿಶ್ವವಿದ್ಯಾಲಯಗಳ ಸ್ವಂತ ನಿಯಮ ಪ್ರಾಸ್ಪೆಕ್ಟಸ್‌ನಲ್ಲಿ ಇರುತ್ತದೆ.

ಬಿಡುವ ಅರ್ಜಿಯನ್ನು ಬಾಯಲ್ಲಿ ಹೇಳಿ ಬರಬೇಡಿ. ಮೇಲ್ ಮಾಡಿ, ಇಲ್ಲವೇ ಕೈಯಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲಿನ ಮೇಲಿನ ತಾರೀಕಿನಿಂದಲೇ ಲೆಕ್ಕ. ಸಾಲ ಮಾಡಿ ಕಟ್ಟಿದ್ದರೆ ಅದೇ ದಿನ ಸಾಲ ಕೊಟ್ಟವರಿಗೂ ಬರೆಯಿರಿ, ವಾಪಸ್ ಬರುವ ದುಡ್ಡನ್ನು ನೇರ ಸಾಲಕ್ಕೆ ಜಮಾ ಮಾಡಿಸಿ.